ಶಾಖಕ್ಕೆ ಜಗ್ಗದ ಕಿಣ್ವಗಳು: ಸಣ್ಣ ಔಷಧ ಘಟಕಗಳು ಕಡೆಗಣಿಸಿರುವ ದಾರಿ

ಸಗಟು ಔಷಧ ಉದ್ಯಮದ ಮಾತು ಬಂದಾಗಲೆಲ್ಲ ಚೀನಾದ ಕಚ್ಚಾವಸ್ತುವಿನ ಮೇಲಿನ ಅವಲಂಬನೆಯ ಪ್ರಸ್ತಾಪ ಬಂದೇ ಬರುತ್ತದೆ. 2020ರಲ್ಲಿ ಕೇಂದ್ರ ಸರ್ಕಾರವು 6,940 ಕೋಟಿ ರೂಪಾಯಿಗಳ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸಿ, 41 ಉತ್ಪನ್ನಗಳನ್ನು ಗುರುತಿಸಿದ್ದು ಈ ಕಾರಣಕ್ಕಾಗಿಯೇ. ಆದರೆ ಅಂದಿನಿಂದ ನಡೆದಿರುವ ಚರ್ಚೆಯೆಲ್ಲ ಯಾವ ವಸ್ತುವನ್ನು ಇಲ್ಲಿ ತಯಾರಿಸಬೇಕು ಎಂಬುದರ ಸುತ್ತಲೇ ತಿರುಗಿದೆ. ಯಾವ ವಿಧಾನದಿಂದ ತಯಾರಿಸಬೇಕು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ನ್ಯೂಕ್ಲಿಯೊಸೈಡ್ ವರ್ಗದ ಔಷಧಗಳ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.

ನ್ಯೂಕ್ಲಿಯೊಸೈಡ್ ಎಂದರೆ ಒಂದು ಸಕ್ಕರೆಯ ಅಣುವಿಗೆ ಸಾರಜನಕಯುಕ್ತ ಪ್ರತ್ಯಾಮ್ಲವೊಂದು ಜೋಡಿಕೊಂಡ ವಸ್ತು. ಡಿಎನ್‌ಎ, ಆರ್‌ಎನ್‌ಎಗಳ ಮೂಲ ಇಟ್ಟಿಗೆಗಳು ಇವೇ. ಈ ಇಟ್ಟಿಗೆಯ ಆಕಾರವನ್ನು ತುಸು ಬದಲಿಸಿದರೆ ವೈರಸ್ಸಿನ ಅಥವಾ ಕ್ಯಾನ್ಸರ್ ಕೋಶದ ಬೆಳವಣಿಗೆಯನ್ನು ತಡೆಯುವ ಔಷಧ ಸಿದ್ಧವಾಗುತ್ತದೆ. ಎಚ್‌ಐವಿಗೆ ನೀಡುವ ಝಿಡೋವುಡಿನ್, ಲ್ಯಾಮಿವುಡಿನ್, ಕ್ಯಾನ್ಸರ್ ಚಿಕಿತ್ಸೆಯ ಜೆಮ್ಸಿಟಬಿನ್, ಕೆಪೆಸಿಟಬಿನ್, ವೈರಸ್ ರೋಗಗಳಿಗೆ ಬಳಸುವ ರಿಬಾವಿರಿನ್ ಎಲ್ಲವೂ ಈ ಕುಟುಂಬಕ್ಕೆ ಸೇರಿದವು. 2001ರಲ್ಲಿ ಸಿಪ್ಲಾ ಸಂಸ್ಥೆಯು ವರ್ಷಕ್ಕೆ 350 ಡಾಲರಿಗೆ ಎಚ್‌ಐವಿ ಔಷಧ ನೀಡುವುದಾಗಿ ಪ್ರಕಟಿಸಿ ಜಗತ್ತನ್ನು ಬೆರಗುಗೊಳಿಸಿದಾಗ, ಅದರಲ್ಲಿದ್ದ ಮೂರು ಔಷಧಗಳ ಪೈಕಿ ಎರಡು ನ್ಯೂಕ್ಲಿಯೊಸೈಡ್ ವರ್ಗದವಾಗಿದ್ದವು. ಭಾರತೀಯ ಉದ್ಯಮಕ್ಕೆ ಇದು ಪರಿಚಿತ ಕ್ಷೇತ್ರವೇ ಹೊರತು ಹೊಸದಲ್ಲ.

ಪರಿಚಿತವಾದುದು ರಾಸಾಯನಿಕ ಮಾರ್ಗ. ಸಕ್ಕರೆಯ ಅಣುವಿನ ಮೇಲೆ ಒಂದೇ ಬಗೆಯ ಹಲವು ಹಿಡಿಗಳಿರುವುದರಿಂದ, ಬೇಡವಾದ ಹಿಡಿಗಳನ್ನು ಮೊದಲು ಮುಚ್ಚಬೇಕು, ಬಳಿಕ ಪ್ರತ್ಯಾಮ್ಲವನ್ನು ಜೋಡಿಸಬೇಕು, ಆಮೇಲೆ ಮುಚ್ಚಿದುದನ್ನೆಲ್ಲ ತೆರೆಯಬೇಕು. ಪ್ರತಿ ಹಂತಕ್ಕೂ ಸಾಲ್ವೆಂಟ್, ಪ್ರತಿ ಹಂತದಲ್ಲೂ ನಷ್ಟ. ಹಲವು ವೇಳೆ ಬೇಕಾದ ರೂಪದೊಡನೆ ಅದರ ತಿರುಗುಮುರುಗು ರೂಪವೂ ಬೆರೆತು ಬರುತ್ತದೆ. ಅದನ್ನು ಬೇರ್ಪಡಿಸುವ ವೆಚ್ಚವೂ, ಉಳಿದ ತ್ಯಾಜ್ಯದ ವಿಲೇವಾರಿಯ ವೆಚ್ಚವೂ ಉತ್ಪಾದಕನ ತಲೆಗೇ. ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸುಗಳನ್ನು ಕಂಡಿರುವ ಘಟಕಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬ್ಯಾಕ್ಟೀರಿಯಾಗಳು ಇದೇ ಜೋಡಣೆಯನ್ನು ನೀರಿನಲ್ಲಿ, ಯಾವ ಮುಚ್ಚುವಿಕೆಯೂ ಇಲ್ಲದೆ ಮಾಡುತ್ತವೆ. ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಎಂಬ ಕಿಣ್ವಗಳು ಅಗ್ಗದ ನ್ಯೂಕ್ಲಿಯೊಸೈಡ್ ಒಂದರಿಂದ ಸಕ್ಕರೆಯ ಭಾಗವನ್ನು ಫಾಸ್ಫೇಟಿನ ನೆರವಿನಿಂದ ಬಿಡಿಸಿ, ಬೇರೊಂದು ಪ್ರತ್ಯಾಮ್ಲಕ್ಕೆ ಸರಿಯಾದ ದಿಕ್ಕಿನಲ್ಲಿಯೇ ಜೋಡಿಸುತ್ತವೆ. ತಿರುಗುಮುರುಗು ರೂಪದ ತೊಡಕು ಇಲ್ಲಿಲ್ಲ. ಸಾಧಾರಣ ಕಿಣ್ವಗಳು 37 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡಿ, ಅದಕ್ಕಿಂತ ಬಹಳ ಬಿಸಿಯಾದರೆ ಕೆಡುತ್ತವೆ. ಜಿಯೊಬ್ಯಾಸಿಲಸ್, ಥರ್ಮಸ್ ಮುಂತಾದ ಶಾಖಪ್ರಿಯ ಬ್ಯಾಕ್ಟೀರಿಯಾಗಳ ಕಿಣ್ವಗಳಾದರೋ 60ರಿಂದ 80 ಡಿಗ್ರಿಯಲ್ಲಿ ಕೆಲಸ ಮಾಡುತ್ತವೆ. ಈ ಜೀವಿಗಳು ಬಿಸಿನೀರಿನ ಬುಗ್ಗೆಗಳಲ್ಲಿ ಮಾತ್ರ ಇರುವಂತಹವಲ್ಲ. ಔಷಧ ಕಾರ್ಖಾನೆಗಳಲ್ಲಿ ಆಟೊಕ್ಲೇವ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇಡುವ ಸ್ಪೋರ್ ಪಟ್ಟಿಯಲ್ಲಿ ಇರುವುದು ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್. ಪ್ರತಿ ಘಟಕದ ಗುಣಮಟ್ಟ ವಿಭಾಗಕ್ಕೂ ಈ ಹೆಸರು ಗೊತ್ತು. ಅದರಿಂದ ಉತ್ಪಾದನೆಗೂ ಉಪಯೋಗವಿದೆ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಶಾಖ ತಾಳುವ ಗುಣವು ಲೆಕ್ಕದ ಪುಸ್ತಕದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಗ್ವಾನೊಸಿನ್ ಎಂಬ ನ್ಯೂಕ್ಲಿಯೊಸೈಡ್ 18 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಒಂದು ಗ್ರಾಮಿನಷ್ಟೂ ಕರಗುವುದಿಲ್ಲ. ಕುದಿಯುವ ನೀರಿನಲ್ಲಿ ಸುಮಾರು 30 ಗ್ರಾಂ ಕರಗುತ್ತದೆ. ನೀರು ಬಿಸಿಯಾದಷ್ಟೂ ಅದೇ ಪಾತ್ರೆಯಲ್ಲಿ ಹೆಚ್ಚು ಸರಕು ತಯಾರಾಗುತ್ತದೆ. 65 ಡಿಗ್ರಿಯಲ್ಲಿ ಹೊರಗಿನ ಸಾಮಾನ್ಯ ಸೂಕ್ಷ್ಮಾಣುಗಳು ಬೆಳೆಯಲಾರವಾದ್ದರಿಂದ ಹುದುಗುವಿಕೆಗೆ ಬೇಕಾದಂತಹ ಕಟ್ಟುನಿಟ್ಟಿನ ನಿರ್ಜೀವೀಕರಣ ವ್ಯವಸ್ಥೆ ಬೇಕಾಗುವುದಿಲ್ಲ. ಕಿಣ್ವವನ್ನು ಶುದ್ಧೀಕರಿಸುವುದೂ ಸುಲಭ: ಈ ಕಿಣ್ವದ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಸೇರಿಸಿ ಬೆಳೆಸಿ, ಕೋಶಗಳನ್ನು ಒಡೆದು ಕಾಯಿಸಿದರೆ ಇ. ಕೋಲೈಯ ಸ್ವಂತ ಪ್ರೋಟೀನುಗಳಲ್ಲಿ ಬಹುಪಾಲು ಬೆಂದು ಗಟ್ಟಿಯಾಗುತ್ತವೆ, ಬೇಕಾದ ಕಿಣ್ವವು ತಿಳಿಯಲ್ಲಿ ಉಳಿಯುತ್ತದೆ. ದುಬಾರಿ ಕಾಲಮ್ಮುಗಳ ಕೆಲಸವನ್ನು ಇಲ್ಲಿ ಬಿಸಿಯೇ ಬಹುಮಟ್ಟಿಗೆ ಮಾಡಿ ಮುಗಿಸುತ್ತದೆ.

ಸಣ್ಣ ಘಟಕಗಳಿಗೆ ಇದರಲ್ಲಿರುವ ಮುಖ್ಯ ಸಂಗತಿಯೆಂದರೆ, ಕಿಣ್ವವನ್ನು ತಯಾರಿಸುವುದು ಬೇರೆ, ಬಳಸುವುದು ಬೇರೆ. ತಯಾರಿಸಲು ಫರ್ಮೆಂಟರ್ ಬೇಕು. ಬಳಸಲು ಬೇಕಾಗಿರುವುದು ಕಲಕುವ ವ್ಯವಸ್ಥೆಯುಳ್ಳ, ಜಾಕೆಟ್ಟಿನಲ್ಲಿ ಬಿಸಿನೀರು ಹರಿಸಬಲ್ಲ ಒಂದು ರಿಯಾಕ್ಟರ್ ಅಷ್ಟೇ. ಅದು ಈಗಾಗಲೇ ಪ್ರತಿ ಇಂಟರ್‌ಮೀಡಿಯೆಟ್ ತಯಾರಕನ ಶೆಡ್ಡಿನಲ್ಲಿದೆ. ಜೈವಿಕ ತಂತ್ರಜ್ಞಾನವೆಂದರೆ ನೂರಾರು ಕೋಟಿಯ ಬಾಬತ್ತು ಎಂಬ ಭಾವನೆ ಈ ವಿಷಯದಲ್ಲಿ ಸರಿಯಲ್ಲ.

ಪ್ರಯೋಗಶಾಲೆಯ ಮಾತು ಮಾರುಕಟ್ಟೆಯಲ್ಲಿ ನಡೆಯದು ಎಂಬ ಶಂಕೆಗೂ ಉತ್ತರವಿದೆ. ಜಪಾನಿನ ಅಜಿನೊಮೊಟೊ ಸಂಸ್ಥೆಯ ಸಂಶೋಧಕರು 1980ರ ದಶಕದಲ್ಲಿಯೇ ಬ್ಯಾಕ್ಟೀರಿಯಾದ ಕಿಣ್ವಗಳಿಂದ ರಿಬಾವಿರಿನ್ ತಯಾರಿಸುವ ವಿಧಾನಗಳನ್ನು ಪ್ರಕಟಿಸಿದ್ದರು. ಇತ್ತೀಚಿನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಕೋವಿಡ್ ಔಷಧ ಮೊಲ್ನುಪಿರಾವಿರ್‌ಗೆ ಮರ್ಕ್ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಕಿಣ್ವಾಧಾರಿತ ಮಾರ್ಗವೊಂದನ್ನು ಪ್ರಕಟಿಸಿದರು. ಅದು ಮೂಲ ಮಾರ್ಗಕ್ಕಿಂತ ಶೇ. 70ರಷ್ಟು ಚಿಕ್ಕದು, ಇಳುವರಿ ಸುಮಾರು ಏಳು ಪಟ್ಟು. ಇಂತಹ ಅಂತರವನ್ನು ಕೂಲಿ ಉಳಿತಾಯದಿಂದಲೋ ಸಾಲ್ವೆಂಟಿನ ಚೌಕಾಸಿಯಿಂದಲೋ ತುಂಬಿಕೊಳ್ಳಲಾಗದು. ಹಳೆಯ ಮಾರ್ಗಕ್ಕೆ ಅಂಟಿಕೊಂಡ ಘಟಕವು ಒಂದು ದಿನ ಬೆಲೆಪಟ್ಟಿಯನ್ನು ನೋಡಿಯೇ ಸೋಲು ಒಪ್ಪಿಕೊಳ್ಳಬೇಕಾಗುತ್ತದೆ.

ಹಾಗೆಂದು ಎಲ್ಲ ಔಷಧಕ್ಕೂ ಈ ಕಿಣ್ವಗಳು ಒಗ್ಗುವುದಿಲ್ಲ. ರಿಬಾವಿರಿನ್, ವಿಡಾರಬಿನ್, ಫ್ಲುಡಾರಬಿನ್, ಕ್ಲಾಡ್ರಿಬಿನ್‌ಗಳಿಗೆ ಅವು ಹೊಂದುತ್ತವೆ. ಸಕ್ಕರೆಯ ಭಾಗವನ್ನೇ ಮಾರ್ಪಡಿಸಿರುವ ಲ್ಯಾಮಿವುಡಿನ್, ಜೆಮ್ಸಿಟಬಿನ್‌ಗಳ ಮಟ್ಟಿಗೆ ರಾಸಾಯನಿಕ ಮಾರ್ಗವೇ ವಾಡಿಕೆಯಲ್ಲಿದೆ. ರೆಮ್ಡೆಸಿವಿರ್‌ನಲ್ಲಿ ಸಕ್ಕರೆಗೂ ಪ್ರತ್ಯಾಮ್ಲಕ್ಕೂ ನಡುವಿನ ಕೊಂಡಿಯೇ ಬೇರೆ ಬಗೆಯದು. ಫಾಸ್ಫೊರಿಲೇಸ್ ಅಲ್ಲಿ ಕೈಚೆಲ್ಲುತ್ತದೆ. ಕ್ರಿಯೆಯು ಹಿಂದಕ್ಕೂ ಮುಂದಕ್ಕೂ ಸಾಗಬಲ್ಲದಾದ್ದರಿಂದ ಪೂರ್ಣ ಇಳುವರಿಗಾಗಿ ಒಂದು ಕಚ್ಚಾವಸ್ತುವನ್ನು ಹೆಚ್ಚಾಗಿ ಹಾಕಬೇಕು, ಕೊನೆಯಲ್ಲಿ ಅದನ್ನು ಬೇರ್ಪಡಿಸಬೇಕು. ಹೊರಹೋಗುವ ನೀರಿನಲ್ಲಿ ಸಾಲ್ವೆಂಟ್ ಕಡಿಮೆಯಾದರೂ ಫಾಸ್ಫೇಟ್ ಇರುತ್ತದೆ. ತಯಾರಿಕೆಯ ಮಾರ್ಗ ಬದಲಾದರೆ ಕಲ್ಮಶಗಳ ವಿವರ ಬದಲಾಗುತ್ತದೆ, ಗ್ರಾಹಕ ಸಂಸ್ಥೆಗೂ ನಿಯಂತ್ರಣ ಪ್ರಾಧಿಕಾರಕ್ಕೂ ಹೊಸ ದಾಖಲೆ ಸಲ್ಲಿಸಬೇಕಾಗುತ್ತದೆ. ಈ ವೆಚ್ಚಗಳನ್ನು ಮುಚ್ಚಿಟ್ಟು ಕಿಣ್ವದ ಗುಣಗಾನ ಮಾಡುವ ಮಾರಾಟ ಪ್ರತಿನಿಧಿಯನ್ನು ಉದ್ದಿಮೆದಾರರು ನಂಬದಿರುವುದೇ ಒಳಿತು.

ಇನ್ನೊಂದು ಅಪಾಯ, ಚೀನಾದ ಇಂಟರ್‌ಮೀಡಿಯೆಟ್ಟಿನ ಬದಲು ವಿದೇಶಿ ಕಿಣ್ವದ ಮೇಲೆ ಅವಲಂಬಿತರಾಗುವುದು. ಮಾರ್ಪಡಿಸಿದ ಕಿಣ್ವಗಳಿಗೆ ಪೇಟೆಂಟ್ ಇರುತ್ತದೆ. ಆದರೆ ನಿಸರ್ಗದಲ್ಲಿರುವ ರೂಪದ ಹಲವು ಶಾಖಸ್ಥಿರ ಫಾಸ್ಫೊರಿಲೇಸ್‌ಗಳ ವಿವರಗಳು ದಶಕಗಳಿಂದ ಪ್ರಕಟವಾಗಿವೆ. ಅವುಗಳಿಂದ ಆರಂಭಿಸುವುದು ಜಾಣತನ. ದೇಶದ ಮಣ್ಣಿನಿಂದಲೇ ಹೊಸ ತಳಿಯನ್ನು ಹುಡುಕುವುದಾದರೆ ವಾಣಿಜ್ಯ ಬಳಕೆಗೆ ಮುನ್ನ 2002ರ ಜೀವವೈವಿಧ್ಯ ಕಾಯಿದೆಯಂತೆ ರಾಜ್ಯ ಮಂಡಳಿಗೆ ತಿಳಿಸಬೇಕಾದುದನ್ನು ಮರೆಯುವಂತಿಲ್ಲ.

ಕಿಣ್ವದ ವ್ಯಾಪಾರ ಕರ್ನಾಟಕಕ್ಕೆ ಹೊಸತೇನೂ ಅಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆಯ ಮೊದಲ ಸರಕುಗಳಲ್ಲಿ ಪರಂಗಿಯ ಹಾಲಿನಿಂದ ತೆಗೆದ ಪಪೈನ್ ಕಿಣ್ವವೂ ಒಂದು. 2007ರಲ್ಲಿ ಅದು ತನ್ನ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆಗೆ 11.5 ಕೋಟಿ ಡಾಲರಿಗೆ ಮಾರಿತು. ಜ್ಞಾನವುಳ್ಳ ಜನ ಇಲ್ಲೇ ಇದ್ದಾರೆ. ಆದರೆ ಆ ಜ್ಞಾನ ಬೆಂಗಳೂರಿನ ಸಂಶೋಧನಾ ಆವರಣಗಳಲ್ಲಿದೆ. ರಿಯಾಕ್ಟರುಗಳು ಬೀದರಿನ ಕೊಳಾರ, ಹುಮನಾಬಾದ್, ರಾಯಚೂರುಗಳ ಕೈಗಾರಿಕಾ ಪ್ರದೇಶಗಳಲ್ಲಿವೆ. ನಡುವೆ ಇರುವುದು ನೂರಾರು ಕಿಲೋಮೀಟರ್ ರಸ್ತೆ ಮಾತ್ರವಲ್ಲ. ಒಂದು ಕಡೆಯವರ ಭಾಷೆ ಇನ್ನೊಂದು ಕಡೆಯವರಿಗೆ ತಿಳಿಯದ ಸ್ಥಿತಿಯೂ ಹೌದು.

ಸರ್ಕಾರದ ನೀತಿಯೂ ಈ ಅಂತರವನ್ನು ಕಾಣುತ್ತಿಲ್ಲ. 2020ರ ಯೋಜನೆಯು ಹುದುಗುವಿಕೆಯಿಂದ ಬಂದ ವಸ್ತುವಿಗೆ ಮೊದಲ ನಾಲ್ಕು ವರ್ಷ ಶೇ. 20, ರಾಸಾಯನಿಕ ಸಂಶ್ಲೇಷಣೆಗೆ ಶೇ. 10 ಪ್ರೋತ್ಸಾಹಧನ ಎಂದು ಎರಡೇ ಬಗೆ ಮಾಡಿತು. ರಿಯಾಕ್ಟರಿನಲ್ಲಿ ಕಿಣ್ವ ಬಳಸುವವನಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಕನಿಷ್ಠ ವಾರ್ಷಿಕ ಉತ್ಪಾದನಾ ಸಾಮರ್ಥ್ಯದ ಷರತ್ತು ಸಣ್ಣ ಘಟಕಗಳನ್ನು ಬಾಗಿಲಲ್ಲಿಯೇ ನಿಲ್ಲಿಸಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಯೋಇ3 ನೀತಿಯು ಕಿಣ್ವಗಳನ್ನೂ ಜೈವಿಕ ಉತ್ಪಾದನಾ ಕೇಂದ್ರಗಳನ್ನೂ ಹೆಸರಿಸಿದೆ. ಅಂತಹ ಕೇಂದ್ರವೊಂದನ್ನು ಕಲ್ಯಾಣ ಕರ್ನಾಟಕದ ಔಷಧ ಘಟಕಗಳ ಹತ್ತಿರವೇ ಸ್ಥಾಪಿಸಿ, ನೂರು ಲೀಟರಿನ ಪ್ರಮಾಣದಲ್ಲಿ ಬಾಡಿಗೆಗೆ ಪ್ರಯೋಗ ನಡೆಸಿಕೊಡುವಂತೆ ವಾಣಿಜ್ಯ ಮಂಡಳಿಗಳು ಒತ್ತಾಯಿಸಬೇಕು. ಅದರ ಆಡಳಿತದಲ್ಲಿ ವಿಜ್ಞಾನಿಗಳ ಜೊತೆಗೆ ಘಟಕಗಳ ಮಾಲೀಕರೂ ಇರಬೇಕು. ಇಲ್ಲವಾದರೆ ಅದೂ ಉದ್ಘಾಟನೆಯ ಫಲಕವಾಗಿ ಉಳಿದೀತು. ಅಲ್ಲಿಯವರೆಗೆ, ಹೊಸ ರಾಸಾಯನಿಕ ಮಾರ್ಗಕ್ಕೆ ಬ್ಯಾಂಕ್ ಸಾಲದ ಅರ್ಜಿ ಹಾಕಲು ಹೊರಟಿರುವ ತಯಾರಕರು ಅದೇ ವಸ್ತುವಿನ ಕಿಣ್ವ ಮಾರ್ಗಕ್ಕೂ ಒಂದು ಅಂದಾಜು ಪಟ್ಟಿ ತರಿಸಿಕೊಂಡು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಸಹಿ ಹಾಕಬಹುದು.