ಬೀಗ ಹಾಕಿದವನೇ ಕೀ ಮರೆತರೆ

ಸೋಮವಾರ ಬೆಳಗ್ಗೆ ಒಂಬತ್ತೂವರೆ. ನಾಗಸಂದ್ರದಲ್ಲಿ ಹತ್ತಿದ ಮೆಟ್ರೊ ಇನ್ನೂ ಯಶವಂತಪುರ ದಾಟಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ವೈಟ್‌ಫೀಲ್ಡ್ ಸೇರಬೇಕಿತ್ತು. ಅಷ್ಟರಲ್ಲಿ ಅಪ್ಪನ ಫೋನು.

"ಲೋ, ಬಿಲ್ ಸಾಫ್ಟ್‌ವೇರ್ ಓಪನ್ನೇ ಆಗ್ತಿಲ್ಲ ಕಣೋ. ಏನೋ ಇಂಗ್ಲಿಷ್‌ನಲ್ಲಿ ಬೈತಿದೆ."

ಅದು ಬೈದದ್ದು 'ಅಕ್ಸೆಸ್ ಡಿನೈಡ್' ಅಂತ. ಓದಿ ಹೇಳಿದ ಕೂಡಲೇ ನನ್ನ ಹೊಟ್ಟೆಯಲ್ಲಿ ತಳಮಳ ಶುರುವಾಯ್ತು. ಯಾಕಂದ್ರೆ ತಪ್ಪು ಯಾರದ್ದು ಅಂತ ನನಗೆ ಗೊತ್ತಿತ್ತು.

ಪೀಣ್ಯ ಎರಡನೇ ಹಂತದಲ್ಲಿ ಅಪ್ಪನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೂರು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಐದು ಜನ. ಎಲ್ಲವೂ ಜಾಬ್ ವರ್ಕ್. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಪುಸ್ತಕದಲ್ಲಿ ಲೆಕ್ಕ ಬರೆಯೋದು ಅಪ್ಪನಿಗೆ ಕಷ್ಟವಾಯ್ತು. ಇಂಜಿನಿಯರಿಂಗ್ ಮುಗಿಸಿದ ಮಗ ಅನ್ನೋ ಜಂಬದಲ್ಲಿ ನಾನೇ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟೆ. ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್, ಅದೇ ಕಂಪ್ಯೂಟರ್‌ನಲ್ಲಿ. ಬಿಲ್, ಚಲನ್, ಹುಡುಗರಿಗೆ ಕೊಟ್ಟ ಅಡ್ವಾನ್ಸ್ ಎಲ್ಲವೂ ಅದರೊಳಗೆ. ಅಪ್ಪ ನಿಧಾನವಾಗಿ ಲೆಕ್ಕದ ಪುಸ್ತಕ ಬರೆಯೋದನ್ನೇ ಬಿಟ್ಟರು.

ಹಿಂದಿನ ದಿನ ಭಾನುವಾರ, ಪ್ರಿಂಟರ್ ಸರಿ ಮಾಡೋಕೆ ಹೋಗಿದ್ದೆ. ಡೇಟಾಬೇಸ್‌ನ ರೂಟ್ ಪಾಸ್‌ವರ್ಡ್ ಇನ್ನೂ ಕಾಲೇಜು ಕಾಲದ '1234' ಆಗಿರೋದು ನೋಡಿ ನಾಚಿಕೆಯಾಯ್ತು. ಗಟ್ಟಿಯಾದದ್ದೊಂದು ಹಾಕಿದೆ. ಸಾಫ್ಟ್‌ವೇರ್‌ನ ಕಾನ್ಫಿಗ್ ಫೈಲ್‌ನಲ್ಲೂ ಬದಲಿಸಬೇಕು ಅನ್ನುವಷ್ಟರಲ್ಲಿ ಊಟಕ್ಕೆ ಅಮ್ಮನ ಕರೆ ಬಂತು. ಎದ್ದು ಹೋದೆ. ಈಗ ಕಾನ್ಫಿಗ್ ಫೈಲ್‌ನಲ್ಲಿರೋದು ಹಳೇ ಪಾಸ್‌ವರ್ಡ್, ನನ್ನ ತಲೆಯಲ್ಲಿ ಹೊಸದೂ ಇಲ್ಲ.

ಆವತ್ತು ಹತ್ತನೇ ತಾರೀಖು. ಹನ್ನೊಂದಕ್ಕೆ ಜಿಎಸ್‌ಟಿಆರ್-1 ಸಲ್ಲಿಸೋ ಕೊನೇ ದಿನ. ಅಪ್ಪ ಸಲ್ಲಿಸದಿದ್ರೆ ಅವರ ಗಿರಾಕಿಗಳಿಗೆ ಆ ತಿಂಗಳ ಇನ್‌ಪುಟ್ ಕ್ರೆಡಿಟ್ ಕಾಣಿಸಲ್ಲ. ಆಮೇಲೆ ಪೇಮೆಂಟ್ ನಿಲ್ಲಿಸ್ತಾರೆ. ಸಣ್ಣ ವರ್ಕ್‌ಶಾಪ್‌ಗೆ ಅದು ದೊಡ್ಡ ಪೆಟ್ಟು.

ಮರೆತ ಪಾಸ್‌ವರ್ಡನ್ನು ಡೇಟಾಬೇಸ್‌ನಿಂದ ಓದಿ ತೆಗೆಯಬಹುದಾ ಅಂತ ಅಪ್ಪ ಕೇಳಿದರು. ಆಗಲ್ಲ. ಅದು ಪಾಸ್‌ವರ್ಡನ್ನು ಇಟ್ಟುಕೊಂಡಿರೋದೇ ಇಲ್ಲ, ಅದರ ಹ್ಯಾಶ್ ಮಾತ್ರ ಇಟ್ಟುಕೊಂಡಿರುತ್ತೆ. ರಾಗಿ ಬೀಸಿದ ಹಾಗೆ: ಅದೇ ಕಾಳು ಹಾಕಿದ್ರೆ ಅದೇ ಹಿಟ್ಟು ಬರುತ್ತೆ, ಆದರೆ ಹಿಟ್ಟಿನಿಂದ ಕಾಳು ಮಾಡೋಕಾಗಲ್ಲ. ಹಾಗಾಗಿ ಹಳೇದನ್ನು ಹುಡುಕೋ ಮಾತಿಲ್ಲ, ಹೊಸದನ್ನು ಹಾಕಬೇಕು ಅಷ್ಟೇ.

ಮೊದಲು ನಿಮ್ಮ ಸಾಫ್ಟ್‌ವೇರ್‌ನ ಕಾನ್ಫಿಗ್ ಫೈಲ್ ನೋಡಿ. ಬಹಳ ಸಲ ಪಾಸ್‌ವರ್ಡ್ ಅಲ್ಲೇ ಬರೆದಿರುತ್ತೆ. ನನ್ನ ಪುಣ್ಯಕ್ಕೆ ಅದೂ ಹಳೇದಾಗಿತ್ತು. ಸಂಜೆ ಆಫೀಸಿನಿಂದ ಸೀದಾ ಪೀಣ್ಯಕ್ಕೆ ಹೋದೆ.

ಮೊದಲು ವಿಂಡೋಸ್‌ನ ಸರ್ವಿಸಸ್‌ಗೆ ಹೋಗಿ ಮೈಎಸ್‌ಕ್ಯೂಎಲ್ ನಿಲ್ಲಿಸಿದೆ. ಪ್ರೋಗ್ರಾಮ್‌ಡೇಟಾ ಅನ್ನೋ ಮರೆಯಾಗಿರೋ ಫೋಲ್ಡರ್‌ನಲ್ಲಿದ್ದ ಡೇಟಾವನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಒಂದೇ ಸಾಲು, 'ಆಲ್ಟರ್ ಯೂಸರ್' ಅನ್ನೋ ಆಜ್ಞೆ, ರೂಟ್‌ಗೆ ಹೊಸ ಪಾಸ್‌ವರ್ಡ್ ಸಮೇತ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, 'ಇನಿಟ್-ಫೈಲ್' ಆಯ್ಕೆಯಲ್ಲಿ ಆ ಫೈಲ್ ಕೊಟ್ಟು ಸರ್ವರ್ ಚಾಲೂ ಮಾಡಿದೆ. ಏಳುವಾಗಲೇ ಅದು ಆ ಸಾಲನ್ನು ಓದಿ ಪಾಲಿಸುತ್ತೆ.

ಮೊದಲ ಸಲ ಏಳಲೇ ಇಲ್ಲ. ಇನ್‌ಸ್ಟಾಲರ್‌ನಿಂದ ಹಾಕಿದ ಮೈಎಸ್‌ಕ್ಯೂಎಲ್‌ಗೆ ಅದರ ಸೆಟ್ಟಿಂಗ್ ಫೈಲ್ ಎಲ್ಲಿದೆ ಅಂತ 'ಡಿಫಾಲ್ಟ್ಸ್-ಫೈಲ್' ಆಯ್ಕೆಯಲ್ಲಿ ಹೇಳಬೇಕಾಗುತ್ತೆ. ಇಲ್ಲದಿದ್ರೆ ಡೇಟಾ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಎರಡನೇ ಸಲ ಎದ್ದಿತು. ನಿಲ್ಲಿಸಿ, ಪಾಸ್‌ವರ್ಡ್ ಇದ್ದ ನೋಟ್‌ಪ್ಯಾಡ್ ಫೈಲ್ ಅಳಿಸಿ, ಕಾನ್ಫಿಗ್ ಬದಲಿಸಿ, ಸರ್ವಿಸ್ ಎಂದಿನಂತೆ ಚಾಲೂ ಮಾಡಿದೆ. ಬಿಲ್ಲುಗಳು ಇದ್ದಲ್ಲೇ ಇದ್ದವು.

'ಸ್ಕಿಪ್-ಗ್ರಾಂಟ್-ಟೇಬಲ್ಸ್' ಅನ್ನೋ ಇನ್ನೊಂದು ದಾರಿ ನಿಮಗೆ ಯಾರಾದ್ರೂ ಹೇಳಬಹುದು. ಅದೂ ಕೆಲಸ ಮಾಡುತ್ತೆ, ಆದರೆ ಅಷ್ಟು ಹೊತ್ತು ಯಾರು ಬೇಕಾದ್ರೂ ಪಾಸ್‌ವರ್ಡ್ ಇಲ್ಲದೆ ಒಳಗೆ ಬರಬಹುದು. ಉಬುಂಟುವಿನಲ್ಲಾದ್ರೆ ಮೊದಲು 'ಸುಡೊ ಮೈಎಸ್‌ಕ್ಯೂಎಲ್' ಹೊಡೆದು ನೋಡಿ. ಅಲ್ಲಿ ಸಾಮಾನ್ಯವಾಗಿ ರೂಟ್‌ಗೆ ಪಾಸ್‌ವರ್ಡೇ ಬೇಕಾಗಲ್ಲ. ಪೋಸ್ಟ್‌ಗ್ರೆಸ್ ಆದ್ರೆ 'ಪಿಜಿ-ಎಚ್‌ಬಿಎ' ಫೈಲ್‌ನಲ್ಲಿ ಲೋಕಲ್ ಸಂಪರ್ಕಕ್ಕೆ 'ಟ್ರಸ್ಟ್' ಅಂತ ಹಾಕಿ, ರೀಲೋಡ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಆಮೇಲೆ ಹಳೇ ಸಾಲನ್ನು ವಾಪಸ್ ಹಾಕೋದು ಮಾತ್ರ ಮರೀಬೇಡಿ. ಮರೆತರೆ ಬಾಗಿಲು ತೆರೆದೇ ಇರುತ್ತೆ.

ರಾತ್ರಿ ಮನೆಗೆ ಬಂದ ಮೇಲೆ ಖುಷಿಗಿಂತ ಭಯವೇ ಜಾಸ್ತಿ ಆಯ್ತು. ಇಷ್ಟು ಸುಲಭವಾಗಿ ನಾನು ಒಳಗೆ ಹೋದೆ ಅಂದ್ರೆ, ಆ ಕಂಪ್ಯೂಟರ್‌ಗೆ ಅಡ್ಮಿನಿಸ್ಟ್ರೇಟರ್ ಆಗಿ ಕೂತ ಯಾರು ಬೇಕಾದ್ರೂ ಹೋಗಬಹುದು. ಅಪ್ಪನ ರೇಟು, ಗಿರಾಕಿಗಳ ಪಟ್ಟಿ ಎಲ್ಲ ಅವರ ಕೈಗೆ. ಲೋಕಲ್ ಡೇಟಾಬೇಸ್‌ನ ನಿಜವಾದ ಬೀಗ ಇರೋದು ಆ ಕಂಪ್ಯೂಟರ್‌ನಲ್ಲಿ, ವಿಂಡೋಸ್ ಲಾಗಿನ್‌ನಲ್ಲಿ, ಶಟರ್‌ನಲ್ಲಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ರೆ ಇನ್ನೂ ಭದ್ರ, ಆದರೆ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕಳೆದುಕೊಂಡ್ರೆ ಈ ಉಪಾಯ ಯಾವುದೂ ನಡೆಯಲ್ಲ. ಅಲ್ಲಿ ಹೋದದ್ದು ಹೋದಂತೆಯೇ.

ಕಂಪ್ಯೂಟರ್‌ಗೆ ಪಾಸ್‌ವರ್ಡ್ ತಂದವರಲ್ಲಿ ಮೊದಲಿಗರು ಎಂಐಟಿಯ ಫರ್ನಾಂಡೊ ಕೊರ್ಬಾಟೊ, 1960ರ ದಶಕದಲ್ಲಿ. ಕೊನೆಗೆ ಅವರೇ ತಮ್ಮ ಪಾಸ್‌ವರ್ಡ್‌ಗಳನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ತಿದ್ರಂತೆ. ಇದು ಅಪ್ಪನಿಗೆ ಹೇಳಿದಾಗ ಅವರು ನಗಲಿಲ್ಲ.

"ಶಟರ್‌ಗೆ ಎರಡು ಬೀಗದಕೈ ಮಾಡಿಸಿದೀವಿ. ಒಂದು ನನ್ನ ಹತ್ರ, ಒಂದು ಮನೆ ಬೀರುವಿನಲ್ಲಿ. ನಿನ್ನ ಪಾಸ್‌ವರ್ಡ್ ಮಾತ್ರ ಯಾಕೋ ಒಬ್ಬನ ತಲೆಯಲ್ಲಿ? ನಿನಗೇನಾದ್ರೂ ಆದ್ರೆ ನಾನ್ಯಾರನ್ನ ಕೇಳಲಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಆಫೀಸಿನಲ್ಲಿ ಕೆಲಸ ಬಿಡೋವಾಗ ಹ್ಯಾಂಡೋವರ್ ಡಾಕ್ಯುಮೆಂಟ್ ಬರೀತೀವಿ. ಮನೆಯಲ್ಲಿ, ಅಪ್ಪನ ಹೊಟ್ಟೆಪಾಡಿನ ವಿಷಯದಲ್ಲಿ, ಒಂದು ಚೀಟಿಯನ್ನೂ ಬರೆದಿರಲಿಲ್ಲ.

ಈಗ ಸಾಫ್ಟ್‌ವೇರ್‌ಗೆ ಬೇರೆ ಯೂಸರ್ ಇದೆ, ರೂಟ್ ಮುಟ್ಟಲ್ಲ. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತೆ, ಶನಿವಾರ ಅದು ಪೆನ್‌ಡ್ರೈವ್‌ನಲ್ಲಿ ಮನೆಗೆ ಬರುತ್ತೆ. ಪಾಸ್‌ವರ್ಡ್ ಬೀರುವಿನಲ್ಲಿ, ಮುಚ್ಚಿದ ಕವರ್‌ನಲ್ಲಿದೆ. ಕವರ್ ಮೇಲೆ ಏನು ಮಾಡಬೇಕು ಅನ್ನೋದನ್ನು ಅಪ್ಪನಿಗೆ ಅರ್ಥವಾಗೋ ಕನ್ನಡದಲ್ಲಿ ಬರೆದಿದ್ದೀನಿ. ಅದನ್ನು ಬರೆಯೋಕೆ ಪಾಸ್‌ವರ್ಡ್ ಬದಲಿಸಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡೀತು.

ಅಂದ ಹಾಗೆ, ರಿಟರ್ನ್ ಹನ್ನೊಂದನೇ ತಾರೀಖು ಮಧ್ಯಾಹ್ನವೇ ಹೋಯ್ತು. ಅಪ್ಪ ಹೊಸದೊಂದು ಲೆಕ್ಕದ ಪುಸ್ತಕವನ್ನೂ ಕೊಂಡು ತಂದಿದ್ದಾರೆ. ನಾನು ಬೇಡ ಅನ್ನಲಿಲ್ಲ.