ಮನೆವಾರ್ತೆ: ಮಕ್ಕಳೊಡನೆ ಕುಳಿತು ನೋಡಬೇಕಾದ ಚಿತ್ರಗಳು

ಕಚೇರಿಯಲ್ಲಿ ಹಳೆಯ ಕಡತಗಳಿಗೆ ನಂಬರು ಹಾಕಿ ಕಪಾಟಿನಲ್ಲಿಡುವುದು ನನ್ನ ಹೊಟ್ಟೆಪಾಡು. ಬೇಕೆಂದಾಗ ಕೈಗೆ ಸಿಗದ ಕಡತ ಇದ್ದೂ ಇಲ್ಲದಂತೆಯೇ ಎಂಬುದು ಅಲ್ಲಿ ಕಲಿತ ಪಾಠ. ಆ ಪಾಠ ಮನೆಗೂ ಸಲ್ಲುತ್ತದೆಂದು ತಿಳಿದದ್ದು ಮಾತ್ರ ತಡವಾಗಿ.

ನಮ್ಮ ಮನೆಯಲ್ಲಿ ‘ಆಯಿ’ ಎಂದರೆ ಅಜ್ಜಿ; ಸದಾಶಿವ ಪೇಠೆಯ ನೆರೆಮನೆಗಳಲ್ಲಿ ‘ಆಯಿ’ ಎಂದರೆ ತಾಯಿ. ಈ ಒಂದು ಶಬ್ದದ ಗೊಂದಲಕ್ಕೆ ಮೊದಲೆಲ್ಲ ನಾವು ನಗುತ್ತಿದ್ದೆವು. ಆದರೆ ಹನ್ನೊಂದು ವರ್ಷದ ಮಗಳು, ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಒಂದೇ ಮಾತು ಹೇಳಿ ಎದ್ದು ಹೋಗತೊಡಗಿದಾಗ ನಗು ನಿಂತಿತು. ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದಿರುವ ಅವ್ವ ಒಂದು ರಾತ್ರಿ, “ನನ್ನ ಕೂಡ ಮಾತಾಡಾಕ ಈ ಹುಡುಗಿಗೆ ಏನೂ ಉಳಿದಿಲ್ಲಪಾ” ಎಂದಳು. ಯಾರನ್ನೂ ದೂರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮರುದಿನವೇ ಕನ್ನಡ ಪಾಠದ ಪುಸ್ತಕ ತಂದೆ. ಅದು ಕಪಾಟು ಸೇರಿತು. ಆಮೇಲೆ ಹೊಳೆದದ್ದು ಸಿನಿಮಾ. ಭಾನುವಾರ ಊಟವಾದ ಮೇಲೆ ಮೂವರನ್ನೂ ಟೀವಿಯ ಮುಂದೆ ಕೂಡಿಸಿ, ಬಿ. ಎ. ಪಾಸಾದವನ ಜಂಬದಿಂದ, ‘ಚೋಮನ ದುಡಿ’ಯನ್ನೇ ಹಚ್ಚಿದೆ. ಶಿವರಾಮ ಕಾರಂತರ ಕಾದಂಬರಿ, ಬಿ. ವಿ. ಕಾರಂತರ ನಿರ್ದೇಶನ, ೧೯೭೫ರ ಸ್ವರ್ಣಕಮಲ ಎಂದು ಪೀಠಿಕೆಯನ್ನೂ ಹಾಕಿದೆ. ಕಾಲು ಗಂಟೆಯೊಳಗೆ ಮಗಳು ಎದ್ದು ಹೋದಳು. ತಪ್ಪು ಚಿತ್ರದ್ದಲ್ಲ, ನನ್ನದು. ಹಸಿದ ಕೂಸಿಗೆ ಮೊದಲ ತುತ್ತಿಗೇ ಜೋಳದ ರೊಟ್ಟಿ ಕೊಡುವವರುಂಟೇ?

ಮುಂದಿನ ವಾರ ‘ಸಂಧ್ಯಾರಾಗ’ (೧೯೬೬) ಹಚ್ಚಿದೆ. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ್ದು. ರಾಜಕುಮಾರರು ಗಾಯಕನ ಪಾತ್ರ ವಹಿಸಿದ್ದು. ಹಾಡು ಬಂದಾಗ ಮಗಳು ಕಿವಿ ನಿಮಿರಿಸಿ, “ಈ ಧ್ವನಿ ನನಗ ಗೊತ್ತೈತಿ” ಎಂದಳು. ಗೊತ್ತಿರದೆ ಏನು? ಭೀಮಸೇನ ಜೋಶಿಯವರ ಅಭಂಗ ಕೇಳದೆ ಬೆಳೆದ ಮಗು ಪುಣೆಯಲ್ಲಿ ಉಂಟೇ! ೧೯೫೩ರಲ್ಲಿ ಇಲ್ಲಿ ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವವನ್ನು ಆರಂಭಿಸಿದ ಆ ಪಂಡಿತರು ಗದಗಿನ ಕಡೆಯವರು, ಅವರ ಗುರುಗಳು ಕುಂದಗೋಳದವರು ಎಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಅಜ್ಜಿಗೆ ಹೇಳಲು ಬೇಕಾದಷ್ಟಿತ್ತು. ಅಂದು ಚಿತ್ರ ಅರ್ಧಕ್ಕೇ ನಿಂತಿತು. ಮಾತು ಸಂಜೆಯವರೆಗೆ ನಡೆಯಿತು.

ಅಂದಿನಿಂದ ನಾನು ಮಾಡಿಕೊಂಡ ಪಟ್ಟಿಯನ್ನು ವಾಚಕ ಬಂಧುಗಳ ಮುಂದಿಡುತ್ತೇನೆ. ಹತ್ತು ಹನ್ನೆರಡು ವರ್ಷದವರಿಗೆ ‘ಸಂಧ್ಯಾರಾಗ’ದ ಜೊತೆಗೆ ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (೧೯೫೮). ಮಕ್ಕಳನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡಿದ ಉಪಾಧ್ಯಾಯರು ಮುಪ್ಪಿನಲ್ಲಿ ಅವರಿಗೇ ಭಾರವಾಗುವ ಕಥೆ. ಅದನ್ನು ನೋಡುವಾಗ ಮಕ್ಕಳಿಗಿಂತ ನಾವೇ ಹೆಚ್ಚು ಇರುಸುಮುರುಸುಗೊಳ್ಳುತ್ತೇವೆ. ಎನ್. ಲಕ್ಷ್ಮೀನಾರಾಯಣರ ‘ನಾಂದಿ’ಯನ್ನೂ (೧೯೬೪) ಬಿಡಬಾರದು. ಕಿವಿ ಕೇಳದ, ಮಾತು ಬಾರದ ಗೃಹಿಣಿಯೊಬ್ಬಳ ಸಂಸಾರದ ಚಿತ್ರ ಅದು. ಭಾಷೆ ಅಷ್ಟಾಗಿ ತಿಳಿಯದ ಮಗುವಿಗೂ ಅದರ ಕಷ್ಟಸುಖ ತಿಳಿಯುತ್ತದೆ.

ಹದಿನೈದು ದಾಟಿದವರಿಗೆ ತ್ರಿವೇಣಿಯವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು ತೆಗೆದ ‘ಬೆಳ್ಳಿಮೋಡ’ (೧೯೬೭), ‘ಶರಪಂಜರ’ (೧೯೭೧). ಮನೋರೋಗಿಯನ್ನು ಮನೆ ಮತ್ತು ಸಮಾಜ ಹೇಗೆ ಕಾಣುತ್ತವೆ ಎಂದು ‘ಶರಪಂಜರ’ ಕೇಳುವ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಆಮೇಲೆ ‘ಚೋಮನ ದುಡಿ’, ಕೊನೆಗೆ ‘ಘಟಶ್ರಾದ್ಧ’ (೧೯೭೭). ಅನಂತಮೂರ್ತಿಯವರ ಈ ಕಥೆಯನ್ನು ಚಿತ್ರಿಸಿದ ಗಿರೀಶ ಕಾಸರವಳ್ಳಿಯವರು ವಿದ್ಯೆ ಕಲಿತದ್ದು ನಮ್ಮ ಊರಿನಲ್ಲಿಯೇ, ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿರುವ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವುದನ್ನು ಅದರಲ್ಲಿ ಒಬ್ಬ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಹಾಳಾಗುತ್ತಿದ್ದ ಚಿತ್ರವನ್ನು ಈಚೆಗೆ ದುರಸ್ತಿ ಮಾಡಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಎಲ್ಲ ಚಿತ್ರಗಳಿಗೂ ಆ ಭಾಗ್ಯವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಇಲ್ಲಿಯೇ ಹತ್ತಿರದ ಕೊಲ್ಲಾಪುರದಲ್ಲಿ, ತೆರೆಕಂಡದ್ದು ೧೯೩೪ರಲ್ಲಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ನಟಿಸಿದ್ದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಲಾ ಕಾಲೇಜ್ ರಸ್ತೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಹುಟ್ಟಿದ್ದು ೧೯೬೪ರಲ್ಲಿ, ಅದಾಗಿ ಮೂವತ್ತು ವರ್ಷಗಳ ಮೇಲೆ. ಜೋಪಾನ ಮಾಡಬೇಕೆಂಬ ಬುದ್ಧಿ ಬರುವುದರೊಳಗೆ ಜೋಪಾನ ಮಾಡಬೇಕಾದದ್ದೇ ಹೋಗಿರುತ್ತದೆ. ಮನೆಮಾತಿನ ಪಾಡೂ ಹೀಗೆಯೇ ಅಲ್ಲವೇ?

ಕೊನೆಗೆ ಎರಡು ಬಿನ್ನಹ. ಚಿತ್ರ ಹಚ್ಚಿಕೊಟ್ಟು ನೀವು ಎದ್ದು ಹೋಗಬೇಡಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ತಿಳಿಯದ ಮಾತಿನ ಅರ್ಥವನ್ನು ನೀವು ಹೇಳದೆ ಅವರ ಬಾಯಿಂದಲೇ ಬರಲಿ. ಒಂದೇ ಸಲಕ್ಕೆ ಮುಗಿಸುವ ಹಟವೂ ಬೇಡ. ಹಳೆಯ ಚಿತ್ರಗಳ ನಡೆ ನಿಧಾನ. ದಿನಕ್ಕೆ ಅರ್ಧ ಗಂಟೆಯಾದರೂ ಸಾಕು.

ನನ್ನ ಮಗಳು ಈಗ ಕನ್ನಡದಲ್ಲಿ ಪಂಡಿತಳಾಗಿದ್ದಾಳೆಂದು ಹೇಳಿದರೆ ಸುಳ್ಳಾದೀತು. ಜಗಳಕ್ಕೆ ಅವಳಿಗೆ ಇನ್ನೂ ಮರಾಠಿಯೇ ಬೇಕು. ಆದರೆ ಮೊನ್ನೆ ಶನಿವಾರ ನಾನು ಕಚೇರಿಯ ಚಿಂತೆಯಲ್ಲಿ ಮೂಲೆ ಹಿಡಿದು ಕುಳಿತಿದ್ದಾಗ ಅಡಿಗೆಮನೆಯಿಂದ ಒಂದು ಮಾತು ಕೇಳಿಸಿತು: “ಆಯಿ, ನಾಳೆ ಯಾವ ಸಿನಿಮಾ ನೋಡೂಣು?”

ಅವ್ವ ಉತ್ತರ ಹೇಳಲು ಬಹಳ ಹೊತ್ತು ತೆಗೆದುಕೊಂಡಳು. ಅವಳಿಗೇನೂ ಅವಸರವಿರಲಿಲ್ಲ.