ಒಂದು ಸಾಲು ಅಕ್ಕಡಿ ಹಾಕಿ

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಮೇಳಗಳಲ್ಲಿ ನಾವು ನವಣೆ ಬಿಸ್ಕತ್ತು ತಿಂದೆವು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು.

ಬಯಲುಸೀಮೆಯ ಹಿರಿಯರು ಮಳೆಯನ್ನು ಪೂರ್ತಿ ನಂಬಿದವರಲ್ಲ. ಅದಕ್ಕೇ ರಾಗಿ ಹೊಲದ ನಡುನಡುವೆ ಅಕ್ಕಡಿ, ಅಂದರೆ ಬೇರೆ ಬೇರೆ ಕಾಳುಗಳ ಸಾಲು. ಗಂಡಸು ಕೂರಿಗೆ ಹೊಡೆಯುತ್ತಿದ್ದರೆ, ಹಿಂದೆಯೇ ಹೆಂಗಸು ಮಡಿಲಲ್ಲಿ ಕಾಳು ಕಟ್ಟಿಕೊಂಡು ನಡೆಯುವಳು. ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ ಅವಳ ಬೆರಳ ಸಂದಿಯಿಂದ ಬಿದಿರು ಕೊಳವೆಗೆ ಇಳಿಯುವವು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು. ಅವರೆ, ತೊಗರಿಯ ಬೇರುಗಂಟು ಮಣ್ಣಿಗೆ ಸಾರಜನಕ ಉಣಿಸುತ್ತಿತ್ತು. ರಾಗಿ ಕೊಯ್ದ ಮೇಲೂ ತೊಗರಿ ಹಸಿರಾಗಿ ನಿಂತಿರುತ್ತಿತ್ತು. ಮುದ್ದೆ, ಸಾರಿನ ಕಾಳು, ಒಗ್ಗರಣೆಯ ಸಾಸಿವೆ, ದನಕ್ಕೆ ಜೋಳದ ಸಪ್ಪೆ, ಎಲ್ಲ ಒಂದೇ ಹೊಲದ್ದು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು.

ಅದನ್ನು ನಾವೇ ಕೈಯಾರೆ ಬಿಟ್ಟೆವು. ಕಳೆನಾಶಕ ಬಂತು, ರಾಗಿಯನ್ನು ಉಳಿಸಿ, ಅಗಲ ಎಲೆಯ ಅವರೆ, ಹುಚ್ಚೆಳ್ಳನ್ನು ಕಳೆಯ ಜತೆಗೇ ಸುಟ್ಟಿತು. ಕಟಾವು ಯಂತ್ರ ಬಂತು. ಅದಕ್ಕೆ ಹೊಲವೆಲ್ಲ ಒಂದೇ ಬೆಳೆ ಬೇಕು. ಕೂಲಿಯಾಳು ಸಿಗದ ರೈತನನ್ನು ಬೈಯಲು ನನಗೆ ಬಾಯಿಲ್ಲ. ಆದರೆ ರಾಗಿಗೆ ಬೆಂಬಲ ಬೆಲೆ ಕೊಡುವ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಅವರೆಗೂ ಹುರಳಿಗೂ ಅಲಸಂದೆಗೂ ಜಾಗವೇ ಇಲ್ಲವಲ್ಲ, ಅದನ್ನು ಯಾರು ಕೇಳಿದೆವು? ಹುಚ್ಚೆಳ್ಳು ಚಟ್ನಿಯ ರುಚಿ ಮರೆತ ನಾವು, ಪೇಟೆಯವರು, ಕೇಳುವುದಾದರೂ ಯಾವ ಮುಖ ಇಟ್ಟುಕೊಂಡು?

ಕೇಳೋಣ, ಈಗಲಾದರೂ. ಆಳುವವರೇ, ಈ ಕಾಳುಗಳನ್ನೂ ಕೊಳ್ಳಿ. ಶಾಲೆಯ ಬಿಸಿಯೂಟದ ಸಾರಿಗೆ ಹಾಕಿ. ಪೇಟೆಯ ಅಕ್ಕ, ಅಣ್ಣಂದಿರೇ, ಸೊಗಡವರೆಯ ಕಾಲದಲ್ಲಷ್ಟೇ ಅಲ್ಲ, ವರ್ಷವಿಡೀ ಒಣಗಾಳು ಕೊಳ್ಳಿ; ತುಸು ಹುಳ ಹಿಡಿದಿದ್ದರೆ ಮೊರದಲ್ಲಿ ಕೇರಿಕೊಳ್ಳಿ, ಮೂಗು ಮುರಿಯಬೇಡಿ. ಊರಿನ ಅಣ್ಣಂದಿರೇ, ಇಡೀ ಹೊಲ ಬೇಡ. ಯಂತ್ರ ತಿರುಗದ ಬದುವಿನ ಮಗ್ಗುಲಿಗೆ ಒಂದು ಸಾಲು ಸಾಕು.

ತಡ ಮಾಡಬೇಡಿ. ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಬಿತ್ತನೆ ಕಾಳು ನಮಗಾಗಿ ವರ್ಷಗಟ್ಟಲೆ ಕಾಯುವುದಿಲ್ಲ, ಜೀವ ಕಳೆದುಕೊಳ್ಳುತ್ತದೆ. ಪುನರ್ವಸು ಮಳೆಗೆ ಮುಂಚೆ ಅಟ್ಟದಿಂದ ಆ ಮಡಕೆ ಇಳಿಸಿ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಅರ್ಧದಷ್ಟು ಮೊಳೆತರೂ ಚಿಂತೆಯಿಲ್ಲ, ದುಪ್ಪಟ್ಟು ಒತ್ತಾಗಿ ಬಿತ್ತಿ.